ಪುಟ್ಟ ಮಂಟಪ, ಎತ್ತರದ ಬಂಡೆ

ಬಾಶೆಟ್ಟಿಹಳ್ಳಿಯಿಂದ ಬೆಳಿಗ್ಗೆ ಹೊರಟರೆ ದೇವನಹಳ್ಳಿ, ನಂದಿಬೆಟ್ಟ ಎರಡನ್ನೂ ನೋಡಿ ಸಂಜೆಗೆ ಮರಳಬಹುದು. ದೇವನಹಳ್ಳಿ ಕೋಟೆಯ ಬಳಿ ಟಿಪ್ಪು ಸುಲ್ತಾನರ ಜನ್ಮಸ್ಥಳವೆಂದು ಗುರುತಿಸಿರುವುದು ಕಲ್ಲುಕಂಬಗಳ ಪುಟ್ಟ ಮಂಟಪ, ಒಂದು ಫಲಕ, ಅಷ್ಟೆ. ಸರ್ಕಾರಿ ಜಯಂತಿ 2015ರಲ್ಲಿ ಆರಂಭವಾಯಿತು, 2019ರಲ್ಲಿ ರದ್ದಾಯಿತು. ಆ ಗದ್ದಲದ ಗುರುತೂ ಇಲ್ಲಿಲ್ಲ.

ಪ್ರಶ್ನೆ ಏಳುವುದು ಬೆಟ್ಟದ ಮೇಲೆ. ಅಪರಾಧಿಗಳನ್ನು ಟಿಪ್ಪು ಇಲ್ಲಿಂದಲೇ ತಳ್ಳಿಸುತ್ತಿದ್ದರೆಂದು ಜನ ಹೇಳುವ ಬಂಡೆ, 'ಟಿಪ್ಪು ಡ್ರಾಪ್', ಅಲ್ಲಿದೆ. ಅಭಿಮಾನಿಗಳು ಆ ಕಥೆಯನ್ನು ಕೇಳಲೊಲ್ಲರು. ವಿರೋಧಿಗಳು ಪುರಾವೆ ಕೇಳದೆ ನಂಬುತ್ತಾರೆ. ಕಥೆಯನ್ನು ಬದಿಗಿಡೋಣ, ದಾಖಲೆಗಳನ್ನೇ ನೋಡೋಣ. 1791ರಲ್ಲಿ ಮರಾಠಾ ಪಡೆ ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವಾದವರು ಟಿಪ್ಪು. ಕೊಡವರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದವರೂ ಅವರೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿಕೊಳ್ಳುವುದು ಅಭಿಮಾನವೇ?

ಅದೇ ಬೆಟ್ಟದ ಮೇಲೆ ಗಾಂಧಿ ನಿಲಯವಿದೆ. ಕಾಯಿಲೆಬಿದ್ದ ಗಾಂಧೀಜಿ 1927ರಲ್ಲಿ ನಂದಿಗೆ ಬಂದು ವಿಶ್ರಾಂತಿ ಪಡೆದರು. ಆ ವರ್ಷಗಳಲ್ಲಿ ಅವರ ಆತ್ಮಕಥೆ 'ನವಜೀವನ'ದಲ್ಲಿ ಕಂತುಕಂತಾಗಿ ಅಚ್ಚಾಗುತ್ತಿತ್ತು. ತಮ್ಮ ತಪ್ಪುಗಳನ್ನು ತಾವೇ ಬರೆದರು, ಅದಕ್ಕಾಗಿ ಅವರ ಗೌರವ ಕುಗ್ಗಲಿಲ್ಲ. 1799ರಲ್ಲಿ ಯುದ್ಧಭೂಮಿಯಲ್ಲೇ ಮಡಿದ ಟಿಪ್ಪುವಿಗೆ ಅಂಥ ಬಿಡುವು ಸಿಗಲಿಲ್ಲ. ಅವರ ಕಥೆ ಗೆದ್ದ ಆಂಗ್ಲರ ಕೈಗೆ ಹೋಯಿತು. ಅದನ್ನು ಮರಳಿ ಪಡೆಯಬಯಸುವ ನಾವು ಕೊಡಗಿನ ಪುಟವನ್ನೂ ಓದಬೇಕಾಗುತ್ತದೆ, ಶೃಂಗೇರಿಯ ಪುಟವನ್ನು ಓದುವಷ್ಟೇ ಗಟ್ಟಿದನಿಯಲ್ಲಿ.