ಜೇಬಿಗೆ ಹಿಡಿಸುವಷ್ಟು ಸಂಗೀತ

ಅಕ್ಕಿಗೆ ಅಳತೆಯುಂಟು, ಎಣ್ಣೆಗೆ ಅಳತೆಯುಂಟು. ಸಂಗೀತಕ್ಕೂ ಅಳತೆಯುಂಟೆ ಎಂದು ಯಾರಾದರೂ ಕೇಳಿದ್ದರೆ ನಮ್ಮ ಹಿರಿಯರು ನಕ್ಕುಬಿಡುತ್ತಿದ್ದರು. ಆದರೆ 2001ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅಮೆರಿಕದ ಆಪಲ್ ಕಂಪೆನಿ ಐಪಾಡ್ ಎಂಬ ಪುಟ್ಟ ಪೆಟ್ಟಿಗೆಯನ್ನು ಜಗತ್ತಿನ ಮುಂದಿಟ್ಟಾಗ ಅದರ ಹಿರಿಮೆಯನ್ನು ಸಾರಿದ್ದು ಅಳತೆಯಿಂದಲೆ. ಒಳಗೆ 5 ಗಿಗಾಬೈಟ್ ಜಾಗವುಳ್ಳ ಒಂದು ತಟ್ಟೆ. ಅದರಲ್ಲಿ ಹಿಡಿಸುವುದು ಒಂದು ಸಾವಿರ ಹಾಡು. ಅಷ್ಟೂ ನಿಮ್ಮ ಜೇಬಿನಲ್ಲಿ. ಇದು ಅವರ ಡಂಗುರ. ಪೆಟ್ಟಿಗೆಯ ದನಿ ಇಂಪೋ ಒರಟೋ ಎಂಬ ಮಾತು ಆಮೇಲಿನದು. ಕೊಳಗ ಎಷ್ಟು ದೊಡ್ಡದು ಎಂಬುದೇ ಮೊದಲನೆಯ ಮಾತು.

ಕೊಳಗವೆಂದ ಮೇಲೆ ಅದರ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. ಒಳಗೆ ಹಾಕುವುದು ಯಾವುದನ್ನು, ಹೊರಗೆ ಬಿಡುವುದು ಯಾವುದನ್ನು? ಈಚೆಗೆ ಈ ಕೊಳಗ ಬೆಳೆದು ಬೆಳೆದು, ತುಂಬಿತು ಎನ್ನುವ ಮಾತೇ ಇಲ್ಲದಂತಾಗಿದೆ. ಪ್ರಶ್ನೆಯನ್ನು ಕೇಳುವವರೂ ಇಲ್ಲವಾಗಿದ್ದಾರೆ. ಇದರಿಂದ ನಮಗೆ ಆದದ್ದು ಲಾಭವೆ, ನಷ್ಟವೆ ಎಂದು ಕೆಲವು ಕಾಲದಿಂದ ನಾನು ಯೋಚಿಸುತ್ತಿದ್ದೇನೆ.

ಮಿತಿಯೇನೋ ಹೊಸದಲ್ಲ. 1902ರಲ್ಲಿ ಗ್ರಾಮಫೋನ್ ಕಂಪೆನಿಯವರು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಒಂದು ಪ್ಲೇಟಿಗೆ ಹಿಡಿಸುತ್ತಿದ್ದುದು ಎರಡು ಮೂರು ನಿಮಿಷದ ಸಂಗೀತ. ಗಂಟೆಗಟ್ಟಲೆ ಹಾಡಬಲ್ಲ ಆ ವಿದುಷಿ ಅಷ್ಟರಲ್ಲಿಯೇ ರಾಗದ ಮುಖ ತೋರಿಸಿ, ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಮುಗಿಸಬೇಕಾಗಿತ್ತು. (ಆಕೆ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ತೀರಿಕೊಂಡದ್ದು 1930ರಲ್ಲಿ.) 1979ರಲ್ಲಿ ಜಪಾನಿನ ಸೋನಿ ಕಂಪೆನಿಯ ವಾಕ್‌ಮನ್ ಬಂದಿತು. ಅದರಲ್ಲಿ ಹಾಕುವ ಕ್ಯಾಸೆಟ್ಟಿಗೆ 60 ನಿಮಿಷ, ಇಲ್ಲವೆ 90 ನಿಮಿಷ. 1998ರಲ್ಲಿ ಬಂದ ರಿಯೋ ಎಂಬ ಪೆಟ್ಟಿಗೆಯಲ್ಲಿ ಇದ್ದುದು 32 ಮೆಗಾಬೈಟ್ ಜಾಗ. ಅದಕ್ಕೆ ಸುಮಾರು ಅರ್ಧ ಗಂಟೆಯ ಹಾಡು ಸಾಕೋ ಸಾಕು. ಹೊಸ ಆವಿಷ್ಕಾರ ಹಳೆಯ ಕ್ಯಾಸೆಟ್ಟಿನ ಒಂದು ಮಗ್ಗುಲಿನಷ್ಟನ್ನು ಮಾತ್ರ ಹೊರುತ್ತಿತ್ತು. ಆದರೂ ಜನ ಕೊಂಡರು! ಮುಂದೆ ಒಂಬತ್ತೇ ವರ್ಷದಲ್ಲಿ, 2007ಕ್ಕೆ, ಐಪಾಡ್ 160 ಗಿಗಾಬೈಟಿಗೆ ಏರಿತು. ಹಾಡಿನ ಲೆಕ್ಕದಲ್ಲಿ 40,000. ಆ ದೊಡ್ಡ ಐಪಾಡ್ 2014ರಲ್ಲಿ ನಿಂತಿತು. 2022ರಲ್ಲಿ ಐಪಾಡ್ ಎಂಬ ವಂಶವೇ ಮುಗಿಯಿತು. ಅದರ ಕೆಲಸವನ್ನು ಫೋನು ವಹಿಸಿಕೊಂಡಿತು. ಅದೇ 2022ರಲ್ಲಿ ಅದೇ ಕಂಪೆನಿ ತನ್ನ ಸಂಗೀತ ಭಂಡಾರದಲ್ಲಿ 10 ಕೋಟಿ ಹಾಡುಗಳಿವೆ ಎಂದು ಸಾರಿತು.

ಕೊಂಚ ಲೆಕ್ಕ ಹಾಕಿ ನೋಡೋಣ. ಹಾಡಿಗೆ 4 ನಿಮಿಷವೆಂದು ಹಿಡಿದರೆ ಸಾವಿರ ಹಾಡಿಗೆ 67 ಗಂಟೆ. ದಿನಕ್ಕೆ ಒಂದು ಗಂಟೆ ಬಿಡುವು ಮಾಡಿಕೊಂಡು ಕೇಳುವ ಗೃಹಸ್ಥ ಎರಡೂವರೆ ತಿಂಗಳು ಕಳೆಯುವುದರೊಳಗೆ ಪೆಟ್ಟಿಗೆಯ ಮೂಲೆ ಮೂಲೆಯನ್ನೂ ಬಲ್ಲವನಾಗುತ್ತಾನೆ. 40,000 ಹಾಡಿಗೆ ಇದೇ ಗೃಹಸ್ಥನಿಗೆ ಏಳು ವರ್ಷಕ್ಕೂ ಹೆಚ್ಚು ಕಾಲ ಬೇಕು. ಇನ್ನು 10 ಕೋಟಿ ಹಾಡಿನ ಮಾತು: ಹಾಡಿಗೆ ಮೂರೇ ನಿಮಿಷವೆಂದುಕೊಂಡರೂ, ಹಗಲು ರಾತ್ರಿ ನಿದ್ದೆಗೆಟ್ಟು ಕೇಳಿದರೂ, 570 ವರ್ಷ. ಮಾರ್ಕಂಡೇಯನಿಗಾದರೆ ಆದೀತು. ಅಂದರೆ ಮಿತಿ ಎಂಬುದು ಮಾಯವಾಗಲಿಲ್ಲ. ಈ ಇಪ್ಪತ್ತು ವರ್ಷಗಳಲ್ಲಿ ಎಲ್ಲಿಯೋ ಒಂದು ಕಡೆ ಅದು ಯಂತ್ರದಿಂದ ಇಳಿದು ನಮ್ಮ ಹೆಗಲೇರಿ ಕುಳಿತಿತು. ಯಂತ್ರಕ್ಕೆ ಮಿತಿ ಇದ್ದಾಗ ಅದು "ಜಾಗವಿಲ್ಲ" ಎಂದು ಬಾಯಿಬಿಟ್ಟು ಹೇಳುತ್ತಿತ್ತು. ನಮ್ಮ ಆಯುಸ್ಸಿನ ಮಿತಿಗೆ ಹಾಗೆ ಹೇಳುವ ಬಾಯಿಲ್ಲ.

ಇಲ್ಲಿ ನನ್ನದೊಂದು ತಕರಾರು ಇದೆ. ಸಾವಿರ ಹಾಡು ಎನ್ನುವಾಗ ಅದು ಯಾರ ಹಾಡು? ನಾಲ್ಕು ನಿಮಿಷದ ಹಾಡು ಹುಟ್ಟಿದ್ದೇ ಗ್ರಾಮಫೋನ್ ಪ್ಲೇಟಿನ ಇಕ್ಕಟ್ಟಿನಲ್ಲಿ. ಪ್ಲೇಟು ಹೋಯಿತು, ಅದರ ಅಳತೆ ಮಾತ್ರ ಉಳಿಯಿತು. ನಮ್ಮ ವಿದ್ವಾಂಸರು ಒಂದು ಗಂಟೆ ವಿಸ್ತರಿಸಿದ ರಾಗ ತಾನ ಪಲ್ಲವಿಯನ್ನು ರಿಯೋ ಪೆಟ್ಟಿಗೆಯಲ್ಲಿ ಕೇಳಬೇಕಾದರೆ ಎರಡು ಪೆಟ್ಟಿಗೆ ಇಟ್ಟುಕೊಂಡು, ತಾನದ ನಡುವೆ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಕಿವಿಗೆ ಸಿಕ್ಕಿಸಿಕೊಳ್ಳಬೇಕಾಗಿತ್ತು. ಅಷ್ಟಾದರೂ ಹಿಡಿಸುತ್ತಿದ್ದುದು ಎಂ.ಪಿ. 3 ಎಂಬ ಉಪಾಯದಿಂದ. ಜೋರಾದ ದನಿಯ ಹಿಂದೆ ಅಡಗಿದ ಮೆಲುದನಿ ಕಿವಿಗೆ ಹೇಗೂ ಬೀಳುವುದಿಲ್ಲವೆಂದು ಅದನ್ನು ತೆಗೆದುಹಾಕಿ, ಸಿ.ಡಿ.ಯ ಸಂಗೀತವನ್ನು ಸುಮಾರು ಹನ್ನೊಂದನೆಯ ಒಂದು ಪಾಲಿಗೆ ಇಳಿಸುವ ಜಾಣತನ ಅದು. ಇದಕ್ಕೂ ತೃಪ್ತರಾಗದವರು ಮತ್ತೆ ಅರ್ಧಕ್ಕೆ ಹಿಂಡಿ, ಒಂದಿದ್ದಲ್ಲಿ ಎರಡು ಹಾಡು ತುರುಕುತ್ತಿದ್ದರು. ತಂಬೂರಿ ನೀರಿನಲ್ಲಿ ಮುಳುಗಿ ಮಿಡಿದಂತೆ ಕೇಳಿಸುತ್ತಿತ್ತು. ಹಾಡಿನ ಸಂಖ್ಯೆಯೇನೋ ಎರಡರಷ್ಟಾಗುತ್ತಿತ್ತು.

ಇರಲಿ. ಆ ಸಣ್ಣ ಪೆಟ್ಟಿಗೆಗಳು ನಮಗೆ ಒಂದು ಉಪಕಾರವನ್ನಂತೂ ಮಾಡುತ್ತಿದ್ದವು. 2005ರಲ್ಲಿ ಶಫಲ್ ಎಂಬ ಕಿರಿಯ ಐಪಾಡ್ ಬಂದಿತು. 512 ಮೆಗಾಬೈಟಿನದರಲ್ಲಿ 120 ಹಾಡು. ತುಂಬುವಾಗ ಎಲ್ಲರೂ ಉದಾರಿಗಳೆ. ಒಂದನ್ನು ಮಿತ್ರರು ಕೊಟ್ಟರೆಂದು ಹಾಕುತ್ತೇವೆ. ಇನ್ನೊಂದನ್ನು ಇಂಥದು ಇರಬೇಕಾದದ್ದೇ ಎಂದು ಹಾಕುತ್ತೇವೆ. ಮತ್ತೊಂದನ್ನು, ಯಾರಾದರೂ ಪೆಟ್ಟಿಗೆ ತೆರೆದು ನೋಡಿದರೆ ನಮ್ಮ ಅಭಿರುಚಿಯ ಬಗ್ಗೆ ಗೌರವ ಮೂಡಲಿ ಎಂದು. ಪೆಟ್ಟಿಗೆ ತುಂಬಿದ ಮೇಲೆ ನೂರ ಇಪ್ಪತ್ತೊಂದನೆಯದು ಬೇಕೆನಿಸುತ್ತದೆ. ಆಗ ಈ ಔದಾರ್ಯ ಸಾಗುವುದಿಲ್ಲ. ವರ್ಷಗಟ್ಟಲೆ ಹೊಗಳುತ್ತ ಬಂದ ಮಹಾವಿದ್ವಾಂಸರ ಕೃತಿಯ ಮೇಲೆ ಬೆರಳು ಸಲೀಸಾಗಿ ಹೋಗುತ್ತದೆ. ಯಾರ ಎದುರಿಗೂ ಒಪ್ಪಿಕೊಳ್ಳಲಾರದ ಒಂದು ಹಳೆಯ ಸಿನಿಮಾ ಹಾಡಿನ ಹತ್ತಿರ ಬಂದು ನಿಂತುಬಿಡುತ್ತದೆ. ಯಾವುದು ಪ್ರೀತಿ, ಯಾವುದು ಬರಿಯ ಮರ್ಯಾದೆ ಎಂಬುದು ಸೇರಿಸುವಾಗ ತಿಳಿದಿರಲಿಲ್ಲ, ಅಳಿಸುವಾಗ ತಿಳಿಯಿತು. ಆತ್ಮಪರೀಕ್ಷೆಗೆ ಇದಕ್ಕಿಂತ ಸುಲಭವಾದ ಸಾಧನವನ್ನು ನಾನು ಕಂಡಿಲ್ಲ. ಅದನ್ನು ಮಾರುತ್ತಿದ್ದ ಕಂಪೆನಿಗೆ ಮಾತ್ರ ಅಂಥ ಉದ್ದೇಶ ಎಳ್ಳಷ್ಟೂ ಇರಲಿಲ್ಲ.

ಉದ್ದೇಶದ ಮಾತು ಬಂದುದರಿಂದ ಹೇಳುತ್ತೇನೆ. ಜೈನ ಗೃಹಸ್ಥರಿಗೆ ವಿಧಿಸಿದ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿಯಾದವನು ಎಲ್ಲವನ್ನೂ ಬಿಡತಕ್ಕದ್ದು. ಗೃಹಸ್ಥನಾದವನು, ನನಗೆ ಇಷ್ಟು ಹೊಲ, ಇಷ್ಟು ಧಾನ್ಯ, ಇಷ್ಟು ಚಿನ್ನ ಸಾಕು ಎಂದು ತಾನೇ ಒಂದು ಗೆರೆ ಎಳೆದುಕೊಳ್ಳತಕ್ಕದ್ದು. ಗೆರೆ ಎಲ್ಲಿ ಎಂಬುದಕ್ಕಿಂತ ಅದನ್ನು ಎಳೆದವರು ಯಾರು ಎಂಬುದು ಇಲ್ಲಿ ದೊಡ್ಡ ಮಾತು. ಈ ದೃಷ್ಟಿಯಿಂದ ನೋಡಿದರೆ ಶಫಲಿನ 120 ಹಾಡಿನಲ್ಲಿ ಪುಣ್ಯವೇನೂ ಇಲ್ಲ. ಸೆರೆಮನೆಯಲ್ಲಿ ಊಟ ತಪ್ಪಿದವನು ಏಕಾದಶಿ ಮಾಡಿದಂತಾಗುವುದಿಲ್ಲ. ಈಗ ಬಾಗಿಲು ತೆರೆದಿದೆ. ವ್ರತಕ್ಕೆ ಇದೇ ಸರಿಯಾದ ಕಾಲ ಎಂದು ತರ್ಕ ಹೇಳುತ್ತದೆ.

ಆದರೆ ನಾವು ಮಾಡುತ್ತಿರುವುದೇನು? ಹಳೆಯ ಐಪಾಡುಗಳನ್ನು ಹುಡುಕಿ ಕೊಳ್ಳುವ ಜನ ಈಗ ಇದ್ದಾರೆ. ಹಿತವಾದ ಸುದ್ದಿ ಎಂದುಕೊಂಡೆ. ವಿಚಾರಿಸಿದರೆ, ಅವರಲ್ಲಿ ಅನೇಕರು ಮೊದಲು ಮಾಡುವ ಕೆಲಸ ಅದರ ಹಳೆಯ ತಟ್ಟೆಯನ್ನು ಕಿತ್ತು ಅದರ ಹಲವು ಪಾಲು ಹಿಡಿಸುವ ಕಾರ್ಡನ್ನು ಕೂಡಿಸುವುದು! ಇನ್ನೊಂದು ಕಡೆ, 2017ರಲ್ಲಿ ಸರೆಗಮ ಕಂಪೆನಿ ಹಳೆಯ ರೇಡಿಯೋ ಮಾಟದ ಕಾರವಾನ್ ಎಂಬ ಪೆಟ್ಟಿಗೆ ತಂದಿತು. ಅದರಲ್ಲಿ 5,000 ಹಳೆಯ ಹಾಡುಗಳನ್ನು ಕಂಪೆನಿಯವರೇ ಆರಿಸಿ ಇಟ್ಟಿದ್ದರು. ಲಕ್ಷಗಟ್ಟಲೆ ಮಾರಾಟವಾಯಿತು. ಮಿತಿ ನಮಗೆ ಬೇಡವಾಗಿಲ್ಲ, ಆರಿಸುವ ಶ್ರಮ ಬೇಡವಾಗಿದೆ ಎಂದು ನನಗೆ ತೋರುತ್ತದೆ. ತಂದೆ ತಾಯಿಗೆಂದು ಅದನ್ನು ಕೊಂಡುಕೊಟ್ಟ ಮಕ್ಕಳನ್ನು ನಾನು ಆಕ್ಷೇಪಿಸುತ್ತಿಲ್ಲ. ಕಣ್ಣು ಮಂಜಾದವರಿಗೆ ಒಂದು ದೊಡ್ಡ ಗುಂಡಿ ಒತ್ತಿದರೆ ಹಾಡು ಬರುವುದು ಸಣ್ಣ ಸುಖವಲ್ಲ. ಆದರೆ ಐದು ಸಾವಿರದಲ್ಲಿ ಒಂದನ್ನೂ ಅವರು ಕೂಡಿಸಿದ್ದಲ್ಲ, ಕಳೆದದ್ದೂ ಅಲ್ಲ.

ಹಾಗೆಂದು ಇಕ್ಕಟ್ಟಿನ ಕಾಲವನ್ನು ಹಾಡಿ ಹೊಗಳುವವರ ಜೊತೆಗೂ ನಾನು ನಿಲ್ಲಲಾರೆ. ಅವರು ಹೇಳುವ ಕಥೆ ಪ್ರಸಿದ್ಧವಾದದ್ದು. ಗದಗಿನ ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಒಂದು ಪ್ಲೇಟನ್ನು ಕೇಳಿ, ಹಾಡಿದರೆ ಹೀಗೆ ಹಾಡಬೇಕೆಂದು 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಹೊರಟರು. ಮೂರು ನಿಮಿಷ ಸಾಕಾಯಿತು ನೋಡಿರಿ ಎನ್ನುತ್ತಾರೆ. ಸಾಕಾಯಿತು, ನಿಜ. ಆದರೆ ಆ ಮೂರು ನಿಮಿಷದ ಮುಂದಿನದನ್ನು ಹುಡುಕುತ್ತ ಆ ಹುಡುಗ ಗ್ವಾಲಿಯರ್, ಕಲ್ಕತ್ತೆ, ಜಾಲಂಧರವೆಂದು ಅಲೆಯಬೇಕಾಯಿತು. ಕೊನೆಗೆ ಮನೆಗೆ ಹತ್ತಿರದ ಕುಂದಗೋಳದಲ್ಲಿಯೇ, ಖಾನರ ಶಿಷ್ಯರಾದ ಸವಾಯಿ ಗಂಧರ್ವರಲ್ಲಿ ಅದು ದೊರೆಯಿತು. ಓಡಿಹೋಗುವ ಎದೆಗಾರಿಕೆಯಿಲ್ಲದ ಹುಡುಗರಿಗೆ, ಮನೆ ಬಿಡುವ ಮಾತೇ ಇಲ್ಲದ ಹುಡುಗಿಯರಿಗೆ, ಏನು ದೊರೆಯಿತು? ಇಂದು ಗದಗಿನ ಯಾವುದೋ ಓಣಿಯಲ್ಲಿ ಕುಳಿತ ಹುಡುಗಿ ಖಾನರನ್ನೂ ಗಂಧರ್ವರನ್ನೂ ಜೋಶಿಯವರನ್ನೂ ಒಂದೇ ಮಧ್ಯಾಹ್ನ ಕೇಳಬಲ್ಲಳು. ಇದನ್ನು ನಷ್ಟದ ಪಟ್ಟಿಗೆ ಸೇರಿಸಲು ನನಗೆ ಮನಸ್ಸು ಬಾರದು.

ಹಾಗಾದರೆ ನಷ್ಟ ಎಲ್ಲಿ ಎಂದು ವಾಚಕರು ಕೇಳಬಹುದು. ನನ್ನ ಮಿತ್ರರೊಬ್ಬರ ವಿಷಯವನ್ನು ಹೇಳುತ್ತೇನೆ. ಅವರ ಬಳಿ 1 ಗಿಗಾಬೈಟಿನ ಒಂದು ಅಗ್ಗದ ಪೆಟ್ಟಿಗೆ ಇತ್ತು. ದನಿ ಮುದ್ರಿಸಿಕೊಳ್ಳುವ ಅನುಕೂಲವೂ ಅದರಲ್ಲಿತ್ತು. ಅವರ ತಾಯಿ ಒಮ್ಮೆ ಅವರೆಕಾಳು ಬಿಡಿಸುತ್ತ ಗುನುಗಿದ ದೇವರನಾಮಗಳನ್ನು, ಆಕೆಗೆ ತಿಳಿಯದಂತೆ, ಹನ್ನೊಂದು ನಿಮಿಷ ಹಿಡಿದಿಟ್ಟಿದ್ದರು. ನಡುವೆ ಹಾಲಿನವನೊಡನೆ ಮಾತು, ಒಂದೆರಡು ಕಡೆ ಮರೆತ ಸಾಲು. ಪೆಟ್ಟಿಗೆ ತುಂಬಿದಾಗಲೆಲ್ಲ ಏನನ್ನಾದರೂ ಅಳಿಸಬೇಕಾಗುತ್ತಿತ್ತು. ಇದನ್ನು ಮಾತ್ರ ಅಳಿಸುತ್ತಿರಲಿಲ್ಲ. ಹೀಗೆ ಪ್ರತಿಸಲವೂ ಆ ಹನ್ನೊಂದು ನಿಮಿಷವನ್ನು ಅವರು ಹೊಸದಾಗಿ ಉಳಿಸಿಕೊಂಡಂತಾಗುತ್ತಿತ್ತು. ತಾಯಿ ತೀರಿಕೊಂಡರು. ಪೆಟ್ಟಿಗೆಯೂ ಹಳತಾಯಿತು. ಮಗ ಅದರಲ್ಲಿದ್ದುದನ್ನೆಲ್ಲ ದೊಡ್ಡದೊಂದು ಡಿಸ್ಕಿಗೆ, ತನ್ನ ಇಪ್ಪತ್ತು ಸಾವಿರ ಹಾಡುಗಳ ಜೊತೆಗೆ, ವರ್ಗಾಯಿಸಿಕೊಟ್ಟ. ಜಾಗದ ಚಿಂತೆ ತೀರಿತು. ಅಳಿಸುವ ಪ್ರಮೇಯವೇ ಇಲ್ಲ. ಆ ಮುದ್ರಣಕ್ಕೆ ಯಂತ್ರ ಕೊಟ್ಟಿದ್ದುದು ಒಂದು ಬರಿಯ ಅಂಕಿಯ ಹೆಸರು. ಅಂಥ ಹೆಸರಿನವು ಅಲ್ಲಿ ಸಾವಿರಾರು. ತಾರೀಖಿನಿಂದ ಹುಡುಕೋಣವೆಂದರೆ ವರ್ಗಾವಣೆಯಲ್ಲಿ ಎಲ್ಲಕ್ಕೂ ಒಂದೇ ತಾರೀಖು ಬಿದ್ದಿದೆ.

"ಎಲ್ಲಿಯೂ ಹೋಗಿಲ್ಲ, ಅದರೊಳಗೇ ಇದೆ" ಎನ್ನುತ್ತಾರೆ. ಅದು ನಿಜವೆ. ಸಂಜೆ ಒಂದು ಗಂಟೆ ಕುಳಿತು ಒಂದೊಂದಾಗಿ ತೆರೆದು, ಅರೆನಿಮಿಷ ಕೇಳಿ, ಮುಚ್ಚುತ್ತ ಬರುತ್ತಿದ್ದಾರೆ. ಕಳೆದ ವಾರ ಭೇಟಿಯಾದಾಗ ಆರು ಸಾವಿರ ದಾಟಿದೆ ಎಂದರು. ನಡುವೆ ಒಂದು ದಿನ ಯಾರದೋ ನಾಗಸ್ವರ ಬಂದಿತಂತೆ. ಅದು ತಮ್ಮ ಮನೆಯಲ್ಲಿ ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಅರೆನಿಮಿಷಕ್ಕೆ ಮುಚ್ಚಬೇಕೆಂದಿದ್ದವರು ನಲವತ್ತು ನಿಮಿಷ ಕೇಳುತ್ತ ಕುಳಿತುಬಿಟ್ಟರು. ಆ ಸಂಜೆಯ ಹುಡುಕಾಟ ಅಲ್ಲಿಗೇ ನಿಂತಿತು.