ದೈವದ ಹಾನಿ, ಅರಸನ ಋಣ

ಮನುಷ್ಯ ಮಾಡಿದ ಹಾನಿಗೆ ಹೊಣೆಗಾರನನ್ನು ಹುಡುಕಿ ಅವನಿಂದ ನಷ್ಟ ತುಂಬಿಸುವುದು ಎಲ್ಲ ನ್ಯಾಯಪದ್ಧತಿಗಳಿಗೂ ಗೊತ್ತಿರುವ ದಾರಿ. ಆದರೆ ನೆರೆಯಿಂದಲೋ ಗುಡ್ಡ ಕುಸಿತದಿಂದಲೋ ಊರಿನ ಸೇತುವೆ, ಕೆರೆಯ ಏರಿ, ಶಾಲೆಯ ಗೋಡೆ ಕೊಚ್ಚಿಹೋದಾಗ ಆ ನಷ್ಟವನ್ನು ಯಾರು ಹೊರಬೇಕು ಎಂಬುದು ಧರ್ಮಚಿಂತನೆಗೆ ಮೊದಲಿನಿಂದಲೂ ತೊಡಕಾಗಿ ಉಳಿದಿರುವ ಪ್ರಶ್ನೆ. ನಂಬಿಕೆಯ ಮೇಲೆ ಇಟ್ಟುಕೊಳ್ಳಲು ಕೊಟ್ಟ ವಸ್ತು ಅರಸನಿಂದ, ದೈವದಿಂದ ಅಥವಾ ಕಳ್ಳರಿಂದ ನಾಶವಾದರೆ ಇಟ್ಟುಕೊಂಡವನು ಅದನ್ನು ತುಂಬಿಕೊಡಬೇಕಾಗಿಲ್ಲ ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ದೈವವೆಂದರೆ ಇಲ್ಲಿ ಮನುಷ್ಯನ ಕೈಮೀರಿದ ಕಾರಣ ಎಂದರ್ಥ. ಈ ನಿಯಮ ಒಬ್ಬನನ್ನು ಹೊಣೆಯಿಂದ ಬಿಡಿಸುತ್ತದೆ, ಕಳೆದುಕೊಂಡವನ ಪಾಡನ್ನು ಮಾತ್ರ ಹಾಗೆಯೇ ಬಿಡುತ್ತದೆ.

ಹಾನಿಯನ್ನು ಪಾಪದ ಫಲವೆಂದು ಕಂಡರೆ ತೊಡಕು ಇನ್ನೂ ಬಿಗಿಯಾಗುತ್ತದೆ. 1934ರ ಜನವರಿಯಲ್ಲಿ ನಡೆದ ಬಿಹಾರದ ಭೂಕಂಪವನ್ನು ಗಾಂಧೀಜಿ ಅಸ್ಪೃಶ್ಯತೆಯ ಪಾಪಕ್ಕೆ ದೊರೆತ ದೈವಶಿಕ್ಷೆ ಎಂದಾಗ ರವೀಂದ್ರನಾಥ ಠಾಕೂರರು ಆ ಮಾತನ್ನು ಬಹಿರಂಗವಾಗಿಯೇ ವಿರೋಧಿಸಿದರು, ಮತ್ತು ಈ ವಾದದಲ್ಲಿ ಠಾಕೂರರ ಪಕ್ಷವೇ ಸರಿಯಾದುದು. ಗಮನಿಸಬೇಕಾದ ಸಂಗತಿಯೆಂದರೆ, ಶಿಕ್ಷೆಯೆಂದು ನಂಬಿದ್ದ ಗಾಂಧೀಜಿಯೇ ಕೆಲವೇ ವಾರಗಳಲ್ಲಿ ಬಿಹಾರದ ಊರೂರು ತಿರುಗಿ ಪರಿಹಾರ ಕಾರ್ಯಕ್ಕೆ ನಿಂತರು. ಕಾರಣದ ಬಗೆಗೆ ಯಾವ ನಂಬಿಕೆಯಿದ್ದರೂ ಕೆಡವಿದ್ದನ್ನು ಮತ್ತೆ ಎತ್ತಿ ನಿಲ್ಲಿಸುವ ಹೊಣೆಯನ್ನು ಅವರು ಪ್ರಶ್ನಿಸಲಿಲ್ಲ.

ಆ ಹೊಣೆ ಅರಸನದೇ ಎಂದು ತೋರಿಸುವ ಅತಿ ಸ್ಪಷ್ಟವಾದ ಹಳೆಯ ದಾಖಲೆ ಗುಜರಾತಿನ ಗಿರ್ನಾರ್ ಬೆಟ್ಟದ ಬುಡದಲ್ಲಿರುವ ಜುನಾಗಢದ ಬಂಡೆಯ ಮೇಲಿದೆ. ಚಂದ್ರಗುಪ್ತ ಮೌರ್ಯನ ಪ್ರಾಂತಾಧಿಕಾರಿ ಪುಷ್ಯಗುಪ್ತ ಕಟ್ಟಿಸಿದ, ಅಶೋಕನ ಕಾಲದಲ್ಲಿ ತುಷಾಸ್ಫ ಕಾಲುವೆಗಳನ್ನು ಕೂಡಿಸಿದ ಸುದರ್ಶನವೆಂಬ ಕೆರೆಯ ಏರಿ ಕ್ರಿ.ಶ. 150ರ ಸುಮಾರಿನ ಒಂದು ಮಾರ್ಗಶಿರ ಮಾಸದಲ್ಲಿ ಬಿರುಗಾಳಿ ಮಳೆಗೆ ಒಡೆಯಿತು. ಒಡಕಿನ ಉದ್ದ 420 ಮೊಳ, ಅಗಲವೂ ಅಷ್ಟೇ, ಆಳ 75 ಮೊಳ ಎಂದು ಶಾಸನ ಅಳತೆ ಕೊಡುತ್ತದೆ. ಸಲಹೆ ನೀಡುವ ಮಂತ್ರಿಗಳೂ ಕೆಲಸ ನಡೆಸುವ ಮಂತ್ರಿಗಳೂ ಇಷ್ಟು ದೊಡ್ಡ ಒಡಕನ್ನು ಮುಚ್ಚುವ ಯೋಚನೆಗೇ ಅಡ್ಡ ನಿಂತರು, ಏರಿ ಇನ್ನು ಏಳದೆಂದು ಜನ ಗೋಳಿಟ್ಟರು. ಕೊನೆಗೆ ಕ್ಷತ್ರಪ ರುದ್ರದಾಮನ ಅಮಾತ್ಯನಾದ ಸುವಿಶಾಖ ಅದನ್ನು ಮೊದಲಿಗಿಂತ ಮೂರು ಪಟ್ಟು ಬಲವಾಗಿ ಕಟ್ಟಿ ಮುಗಿಸಿದ. ಇದಕ್ಕಾಗಿ ಊರಿನವರ ಮೇಲೆ ತೆರಿಗೆ ಹೇರಲಿಲ್ಲ, ವಿಷ್ಟಿ ಅಂದರೆ ಬಿಟ್ಟಿ ದುಡಿಮೆ ಮಾಡಿಸಲಿಲ್ಲ, ಪ್ರಣಯ ಅಂದರೆ ಒತ್ತಾಯದ ಕಾಣಿಕೆ ಎತ್ತಲಿಲ್ಲ, ಎಲ್ಲವನ್ನೂ ಸ್ವಂತ ಬೊಕ್ಕಸದಿಂದಲೇ ಭರಿಸಲಾಯಿತು ಎಂದು ಶಾಸನ ಬಿಡಿಬಿಡಿಯಾಗಿ ಹೇಳುತ್ತದೆ.

ಅರಸನ ಧರ್ಮವೂ ಕೀರ್ತಿಯೂ ಬೆಳೆಯಲೆಂದು ಇದನ್ನು ಮಾಡಲಾಯಿತು ಎಂಬುದು ಶಾಸನದ ವಿವರಣೆ. ಹಾಗಾದರೆ ಇದು ಪುಣ್ಯಕಾರ್ಯ, ಕೊಟ್ಟವನ ಔದಾರ್ಯ. ಆದರೆ ಬೌಧಾಯನ ಧರ್ಮಸೂತ್ರ ಅರಸನಿಗೆ ಸಲ್ಲುವ ಬೆಳೆಯ ಆರನೆಯ ಒಂದು ಪಾಲನ್ನು ಪ್ರಜೆಗಳನ್ನು ಕಾಯುವುದಕ್ಕೆ ಕೊಡುವ ಕೂಲಿಯೆಂದು ಎಣಿಸುತ್ತದೆ, ಮತ್ತು ಕಳುವಾದ ಸೊತ್ತನ್ನು ಹುಡುಕಿ ಕೊಡಲಾಗದಿದ್ದರೆ ಅರಸ ಬೊಕ್ಕಸದಿಂದಲೇ ಅದನ್ನು ತುಂಬಿಕೊಡಬೇಕೆಂದು ಗೌತಮ ಧರ್ಮಸೂತ್ರ ವಿಧಿಸುತ್ತದೆ. ಕಳವನ್ನು ಅರಸ ಮಾಡಿರುವುದಿಲ್ಲ. ಆದರೂ ಕಾಯುವ ಕೂಲಿ ಪಡೆದವನಾದ್ದರಿಂದ ನಷ್ಟ ಅವನ ಲೆಕ್ಕಕ್ಕೆ ಬರುತ್ತದೆ. ಈ ತರ್ಕವನ್ನು ನೆರೆಗೆ ವಿಸ್ತರಿಸಲು ಅಡ್ಡಿ ಏನೂ ಕಾಣುವುದಿಲ್ಲ, ಮತ್ತು ವಿಸ್ತರಿಸಿದ ಕೂಡಲೇ ಮರುನಿರ್ಮಾಣದ ಅನುದಾನ ದಾನದ ಪಂಕ್ತಿಯಿಂದ ಎದ್ದು ಋಣದ ಪಂಕ್ತಿಗೆ ಸೇರುತ್ತದೆ.

ಕನ್ನಡ ನಾಡಿನ ಶಾಸನಗಳು ಇದನ್ನು ಇನ್ನೊಂದು ದಿಕ್ಕಿನಿಂದ ಬೆಳಗಿಸುತ್ತವೆ. ಕೆರೆ ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಆ ನೀರಿನಿಂದ ಬೆಳೆಯುವ ಗದ್ದೆಗಳಲ್ಲಿ ಒಂದು ಪಾಲನ್ನು ಬಿಡುವ ಬಿಟ್ಟುವಟ್ಟ, ದುರಸ್ತಿಗೆಂದು ಹತ್ತನೆಯ ಒಂದು ಪಾಲನ್ನು ತೆಗೆದಿಡುವ ದಸವಂದ ಮುಂತಾದ ಏರ್ಪಾಡುಗಳಲ್ಲಿ ಏರಿ ಒಡೆಯುವ ಮೊದಲೇ ಹಣದ ಮೂಲ ಗೊತ್ತಾಗಿರುತ್ತಿತ್ತು. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಮಿಗಿಲು ಎಂಬ ಅರ್ಥದ ಮಾತು ನೂರಾರು ದಾನಶಾಸನಗಳ ಕೊನೆಯಲ್ಲಿ ಬರುತ್ತದೆ, ಮತ್ತು ಜೀರ್ಣೋದ್ಧಾರಕ್ಕೆ ಬೇರೆಯೇ ಭೂಮಿ ಬಿಡುವುದು ವಾಡಿಕೆಯಾಗಿತ್ತು. ಕೆರೆಯ ನೀರು ಎಲ್ಲ ಜಾತಿಗಳಿಗೂ ಸಮನಾಗಿ ಹರಿಯುತ್ತಿರಲಿಲ್ಲವೆಂಬುದನ್ನು ಮರೆತು ಈ ವ್ಯವಸ್ಥೆಯನ್ನು ಹೊಗಳುವುದು ತಪ್ಪಾದೀತು. ಆದರೆ ಕಾಪಾಡುವುದನ್ನು ಹೊಸದಾಗಿ ಕಟ್ಟುವುದಕ್ಕಿಂತ ಮೇಲೆ ಇಟ್ಟ ಅದರ ಬುದ್ಧಿ ಮಾತ್ರ ಇಂದಿಗೂ ಬೇಕಾದುದು.

ಇಂದಿನ ವ್ಯವಸ್ಥೆಯ ತಳಹದಿ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಎಸ್‌ಡಿಆರ್‌ಎಫ್ ಎಂದು ಪರಿಚಿತವಾದ ರಾಜ್ಯದ ವಿಪತ್ತು ನಿಧಿಗೆ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ 75 ಪಾಲು, ರಾಜ್ಯ 25 ಪಾಲು ಹಾಕುತ್ತವೆ. ಈ ನಿಧಿಯ ಮಾರ್ಗಸೂಚಿ ಕೊಚ್ಚಿಹೋದ ಹಳ್ಳಿ ರಸ್ತೆಯ ತಾತ್ಕಾಲಿಕ ದುರಸ್ತಿಗೆ ಕಿಲೋಮೀಟರಿಗೆ 60,000 ರೂಪಾಯಿ ನಿಗದಿ ಮಾಡಿದೆ. ಗುಂಡಿ ಮುಚ್ಚಿ ಜಲ್ಲಿ ಹಾಸಲು ಸಾಲುವ ಈ ಮೊತ್ತದಲ್ಲಿ ಮೋರಿಯ ಕಂಡಿಯನ್ನು ದೊಡ್ಡದು ಮಾಡಲಾಗದು, ಆದ್ದರಿಂದ ಮರುವರ್ಷದ ಮಳೆಗೆ ರಸ್ತೆ ಅದೇ ಜಾಗದಲ್ಲಿ ಕಿತ್ತುಹೋಗುತ್ತದೆ. ಋಣ ತೀರಿಸುವವನು ಬಡ್ಡಿ ಮಾತ್ರ ಕಟ್ಟುತ್ತಾ ಅಸಲನ್ನು ಮುಂದೂಡುವಂತಿದೆ ಈ ಕ್ರಮ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ವಿಪತ್ತಿನ ಒಟ್ಟು ಹಣದಲ್ಲಿ ಶೇ 30ನ್ನು ಚೇತರಿಕೆ ಮತ್ತು ಮರುನಿರ್ಮಾಣಕ್ಕೆ, ಶೇ 20ನ್ನು ಹಾನಿ ತಗ್ಗಿಸುವ ಮುಂಜಾಗ್ರತೆಗೆ ಬೇರೆಯಾಗಿ ಇಟ್ಟದ್ದು ಸುವಿಶಾಖನ ಮೂರು ಪಟ್ಟು ಬಲದ ಏರಿಯತ್ತ ಇಟ್ಟ ಹೆಜ್ಜೆ; ತಡವಾದರೂ ಸರಿಯಾದ ಹೆಜ್ಜೆ.

ಆದರೆ ಋಣವೆಂದ ಮೇಲೆ ಸಾಲ ಕೊಟ್ಟವನಿಗೆ ಕೇಳುವ ಅಧಿಕಾರ ಇರಲೇಬೇಕು. 2023ರ ಬರಗಾಲಕ್ಕೆ 18,171 ಕೋಟಿ ರೂಪಾಯಿ ಕೇಳಿದ ಕರ್ನಾಟಕ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋದ ಬಳಿಕವಷ್ಟೇ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಇಲ್ಲಿ ಹಕ್ಕುದಾರನಾಗಿ ನಿಂತದ್ದು ರಾಜ್ಯ. ಜಿಲ್ಲಾಡಳಿತದ ಸಮೀಕ್ಷೆ, ರಾಜ್ಯದ ಮನವಿ, ಕೇಂದ್ರ ತಂಡದ ಭೇಟಿ, ದಿಲ್ಲಿಯ ಉನ್ನತ ಮಟ್ಟದ ಸಮಿತಿಯ ಮಂಜೂರಾತಿ ಎಂಬ ಈ ಉದ್ದದ ದಾರಿಯಲ್ಲಿ, ಸೇತುವೆ ಕಳೆದುಕೊಂಡ ಗ್ರಾಮ ಪಂಚಾಯಿತಿ ತನ್ನ ಪಾಲಿನ ಮೊತ್ತ ಇಷ್ಟೇಕೆ ಎಂದು ಕೇಳಿ ಉತ್ತರ ಪಡೆಯುವ ಒಂದು ಹಂತವನ್ನೂ ಕಾಯ್ದೆ ಗುರುತಿಸಿಲ್ಲ, ಮತ್ತು ಆ ಹಂತ ಸೇರುವವರೆಗೆ ಅನುದಾನದ ಆದೇಶವನ್ನು ಗ್ರಾಮಸ್ಥರು ಕೃಪೆಯ ಪತ್ರವೆಂದೇ ಓದಬೇಕಾಗಿದೆ.