ಸೋರಿದ್ದು ಎಲ್ಲಿ, ತೊಟ್ಟಿಕ್ಕಿದ್ದು ಎಲ್ಲಿ

ಬೈಕಿನ ಎಂಜಿನ್ ಕೆಳಗೆ ಎಣ್ಣೆಯ ಹನಿ ಕಂಡರೆ ನಾವೆಲ್ಲ ಮೊದಲು ನೋಡುವುದು ಹನಿಯ ನೇರ ಮೇಲಿನ ಜಾಗವನ್ನು. ಅಲ್ಲೊಂದು ಕವರ್, ಅದರ ಅಂಚಿನಲ್ಲೊಂದು ಗ್ಯಾಸ್ಕೆಟ್. ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಮಾನಿಸಿಬಿಡುತ್ತೇವೆ. ಆದರೆ ಎಣ್ಣೆ ಸೋರುವ ಜಾಗ ಬೇರೆ, ತೊಟ್ಟಿಕ್ಕುವ ಜಾಗ ಬೇರೆ ಇರಬಹುದು. ಮೇಲೆಲ್ಲೋ ಹೊರಬಿದ್ದ ಎಣ್ಣೆ ಲೋಹದ ಮೈಮೇಲೆ ತೆಳ್ಳಗೆ ಇಳಿದು, ಓಡುವಾಗಿನ ಗಾಳಿಗೆ ಹಿಂದಕ್ಕೆ ಹರಡಿ, ಕೊನೆಗೆ ಎಲ್ಲಕ್ಕಿಂತ ಕೆಳಗಿನ ಬೋಲ್ಟಿನ ತುದಿಯಲ್ಲಿ ಹನಿಯಾಗುತ್ತದೆ. ತಪ್ಪಿನ ವಿಷಯವೂ ಹೀಗೆಯೇ ಇರಬಹುದೇ? ತಪ್ಪು ಕಾಣಿಸಿಕೊಂಡ ಕೈಯೇ ತಪ್ಪಿಗೆ ಮೂಲವೆನ್ನಲು ನಮಗೆಷ್ಟು ಹಕ್ಕಿದೆ?

ಪುಣೆಗೆ ಬಂದ ಹೊಸತರಲ್ಲಿ ಕೊಂಡ 150 ಸಿಸಿ ಬೈಕನ್ನು ನಾನು ಇನ್ನೂ ಓಡಿಸುತ್ತೇನೆ. ಕಳೆದ ಮಳೆಗಾಲದಲ್ಲಿ ಅದರ ಬಲಬದಿಯ ಕ್ಲಚ್ ಕವರಿನ ಕೆಳಗೆ ಎಣ್ಣೆ ಕಾಣಿಸತೊಡಗಿತು. ಇಂಥ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲಿನಲ್ಲೇ ನೆನೆದು ಕೆಲಸ ಮಾಡುತ್ತವೆ. ಬಿಸಿಯನ್ನು ಒಯ್ಯುವುದೂ ಅದೇ ಎಣ್ಣೆ. ಹಾಗಾಗಿ ಕವರಿನ ಸುತ್ತ ಎಲ್ಲಿ ಸಂದು ಬಿಟ್ಟರೂ ಎಣ್ಣೆ ಹೊರಗೆ. ಬೋಲ್ಟ್ ಇನ್ನಷ್ಟು ಬಿಗಿ ಮಾಡಿ ಎಂದರು ನೆರೆಯವರು. ಕವರನ್ನು ಹಿಡಿದಿರುವುದು 6 ಮಿಲಿಮೀಟರಿನ ಸಣ್ಣ ಬೋಲ್ಟುಗಳು. ಅವು ತಾಳುವುದು ಸುಮಾರು 10 ನ್ಯೂಟನ್ ಮೀಟರ್ ಬಿಗಿ. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಅಲ್ಯೂಮಿನಿಯಂ ಎಳೆ ಹರಿಯುತ್ತದೆ, ಒಂದು ಸೋರಿಕೆ ಎರಡಾಗುತ್ತದೆ.

ಇದಕ್ಕೊಂದು ಹಳೆಯ ಉಪಾಯವಿದೆ. ಸೀಮೆಎಣ್ಣೆಯಲ್ಲಿ ಕವರನ್ನು ಚೆನ್ನಾಗಿ ತೊಳೆದು, ಒರೆಸಿ, ಒಣಗಿಸಿ, ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಸಿಂಪಡಿಸಿ ಎಂಜಿನ್ ಶುರು ಮಾಡಬೇಕು. ಪೌಡರ್ ಮೊದಲು ಎಲ್ಲಿ ಒದ್ದೆಯಾಗುತ್ತದೋ ಸೋರಿಕೆ ಅಲ್ಲಿದೆ. ನನ್ನ ಬೈಕಿನಲ್ಲಿ ಗ್ಯಾಸ್ಕೆಟ್ ಅಂಚು ಬೆಳ್ಳಗೇ ಉಳಿಯಿತು. ಒದ್ದೆಯಾದದ್ದು ಮೇಲೆ, ಕ್ಲಚ್ ಕೇಬಲ್ ಎಳೆಯುವ ಲಿವರಿನ ದಂಡ ಕವರಿನೊಳಗೆ ಹೋಗುವ ಜಾಗದ ರಬ್ಬರ್ ಸೀಲ್.

ಆದರೆ ಆ ಸೀಲನ್ನು ಹಿಂದಿನ ವರ್ಷವಷ್ಟೇ ಬದಲಿಸಿತ್ತು. ಎರಡನೆಯ ಸಲ ಹೋದದ್ದೇಕೆ? ಎಂಜಿನ್ನಿಗೆ ಉಸಿರಾಡಲು ಒಂದು ಬ್ರೀದರ್ ಕೊಳವೆ ಇರುತ್ತದೆ. ಪಿಸ್ಟನ್ ಕೆಳಗಿಳಿದಾಗಲೆಲ್ಲ ಕೆಳಗಿನ ಗಾಳಿ ಒತ್ತಲ್ಪಡುತ್ತದೆ. ರಿಂಗುಗಳ ಸಂದಿನಿಂದ ಸುಟ್ಟ ಅನಿಲವೂ ಅಷ್ಟಿಷ್ಟು ಇಳಿಯುತ್ತದೆ. ಇದೆಲ್ಲ ಹೊರಹೋಗುವ ದಾರಿ ಅದು. ಮಳೆಗಾಲದಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುತ್ತಿದ್ದರೆ ಎಂಜಿನ್ ಪೂರ್ತಿ ಬಿಸಿಯಾಗದೆ, ಒಳಗಿನ ನೀರಾವಿ ಎಣ್ಣೆಯೊಡನೆ ಸೇರಿ ಹಾಲುಗಂಜಿಯಂಥ ಜಿಡ್ಡಾಗುತ್ತದೆ. ಕೊಳವೆಯಲ್ಲಿ ಅದೇ ಕಟ್ಟಿಕೊಂಡಿತ್ತು. ಹೊರಹೋಗಲಾಗದ ಒತ್ತಡ ತನಗೆ ಸಿಕ್ಕ ಅತ್ಯಂತ ದುರ್ಬಲ ಜಾಗವನ್ನು ಹುಡುಕಿಕೊಂಡಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ಹಿರಿಯರು ನಗುತ್ತ ಹೇಳಿದ್ದು ಇದನ್ನೇ. ನಗಲಾಗದ ಉದಾಹರಣೆಯೂ ಇದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಛಿದ್ರವಾಗಿ 7 ಮಂದಿ ಸತ್ತರು. ಸೋತದ್ದು ರಾಕೆಟ್ಟಿನ ಕೀಲಿನಲ್ಲಿದ್ದ ರಬ್ಬರ್ ಉಂಗುರ. ಚಳಿಗೆ ಅದು ಬಿರುಸಾಗುತ್ತದೆ, ಹಾರಿಸಬೇಡಿ ಎಂದು ಎಂಜಿನಿಯರುಗಳು ಹಿಂದಿನ ರಾತ್ರಿಯೇ ವಾದಿಸಿದ್ದರು. ಆ ಮಾತು ನಿಲ್ಲಲಿಲ್ಲ. ತನಿಖಾ ಆಯೋಗ ಉಂಗುರದ ಬಗ್ಗೆಯೂ ಬರೆಯಿತು, ಹಾರಿಸುವ ನಿರ್ಧಾರ ಮಾಡಿದ ರೀತಿಯ ಬಗ್ಗೆಯೂ ಬರೆಯಿತು.

ಇದು ನನಗೆ ಕೇವಲ ತತ್ತ್ವದ ಪ್ರಶ್ನೆಯಾಗಿ ಉಳಿಯಲಿಲ್ಲ. ಈ ವರ್ಷ ನಮ್ಮ ತಂಡದ ಒಂದು ರಿಲೀಸ್ ನಡುರಾತ್ರಿ ಕೆಟ್ಟು, ಗ್ರಾಹಕರ ಸೇವೆ ನಾಲ್ಕು ಗಂಟೆ ನಿಂತಿತು. ತಪ್ಪು ಫೈಲನ್ನು ಸರ್ವರಿಗೆ ಕಳಿಸಿದವನು ಎರಡು ವರ್ಷದ ಅನುಭವದ ಹುಡುಗ. ಅವನು ಹದಿನೈದು ಗಂಟೆಯಿಂದ ಕೂತಿದ್ದ. ಅವನ ಕೆಲಸವನ್ನು ಇನ್ನೊಬ್ಬರು ನೋಡುವ ಹಂತವನ್ನು ಗಡುವಿಗಾಗಿ ಮೇಲಿನವರು ತೆಗೆಸಿದ್ದರು. ಬೇಡವೆಂದು ನಾನು ಬರೆದಿದ್ದ ಮೇಲ್ ಇತ್ತು. ಮೂಲ ಕಾರಣದ ವರದಿಯಲ್ಲಿ ಒಂದು ಹೆಸರು ಸಾಕು ಎಂಬ ಸೂಚನೆ ಬಂತು.

ಇಲ್ಲಿ ಒಂದು ಸುಲಭದ ದಾರಿಯಿದೆ: ಯಾರದೂ ತಪ್ಪಲ್ಲ, ಎಲ್ಲ ವ್ಯವಸ್ಥೆಯ ತಪ್ಪು ಎನ್ನುವುದು. ಉದಾರವಾಗಿ ಕಾಣುವ ಈ ಮಾತನ್ನು ನಾನು ಒಪ್ಪಲಾರೆ. ಸೀಲಿಗೆ ಮನಸ್ಸಿಲ್ಲ, ಹುಡುಗನಿಗಿದೆ. ಕಳಿಸುವ ಮೊದಲು ಫೈಲಿನ ಹೆಸರನ್ನು ಓದಬಹುದಿತ್ತು ಎಂದು ಅವನೇ ನನ್ನೆದುರು ಹೇಳಿದ. ಅದು ಅವನ ಮಾತು, ಅದರಲ್ಲಿ ಅವನ ಮರ್ಯಾದೆಯಿದೆ. ನಿನ್ನದೇನೂ ಇಲ್ಲ ಬಿಡು ಎಂದರೆ ಅವನನ್ನು ರಬ್ಬರ್ ಎಂದಂತೆ. ಹಾಗೆಂದು ಎಲ್ಲವೂ ನಿನ್ನದೇ ಎಂದರೆ, ಒತ್ತಡ ಕಟ್ಟಿದವರು ಕೈತೊಳೆದುಕೊಂಡಂತೆ. ಪೂರ್ತಿ ಕ್ಷಮೆ, ಪೂರ್ತಿ ಶಿಕ್ಷೆ ಎರಡೂ ಹುಡುಕುವ ಶ್ರಮವನ್ನು ತಪ್ಪಿಸುತ್ತವೆ.

ವರದಿಯಲ್ಲಿ ಅವನು ಮಾಡಿದ್ದನ್ನು ಬರೆದೆ, ಪರಿಶೀಲನೆಯ ಹಂತ ತೆಗೆದ ನಿರ್ಧಾರವನ್ನು ತಾರೀಖಿನೊಂದಿಗೆ ಬರೆದೆ. ಎರಡನೆಯ ಭಾಗ ಅನಗತ್ಯ ಎಂದು ಅದು ಒಮ್ಮೆ ವಾಪಸ್ಸೂ ಬಂತು. ಹಾಗೆಯೇ ಮತ್ತೆ ಕಳಿಸಿದೆ. ಹುಡುಗನನ್ನು ಬೇರೆ ತಂಡಕ್ಕೆ ಹಾಕಿದರು, ಕೆಲಸ ಹೋಗಲಿಲ್ಲ. ಪರಿಶೀಲನೆಯ ಹಂತ ಸದ್ದಿಲ್ಲದೆ ಮರಳಿತು. ನ್ಯಾಯ ಪೂರ್ತಿ ಸಿಕ್ಕಿತು ಎನ್ನಲಾರೆ.

ಬೈಕಿನಲ್ಲಿ ಹೊಸ ಸೀಲ್ ಹಾಕಲೇಬೇಕಾಯಿತು, ಏಕೆಂದರೆ ಹಳೆಯದು ನಿಜಕ್ಕೂ ಹೋಗಿತ್ತು. ಕೊಳವೆಯನ್ನೂ ತೆಗೆದು ಶುಚಿ ಮಾಡಬೇಕಾಯಿತು, ಇಲ್ಲದಿದ್ದರೆ ಹೊಸದೂ ಹೋಗುತ್ತಿತ್ತು. ನಾವು ಊರುಬಿಟ್ಟು ಬಂದು ದುಡಿಯುವ ಜಾಗಗಳಲ್ಲಿ ಸೀಲ್ ಬದಲಿಸುವ ಬಜೆಟ್ ಯಾವಾಗಲೂ ಇರುತ್ತದೆ. ಹೊಸ ಹುಡುಗರು ಬರುತ್ತಲೇ ಇರುತ್ತಾರೆ. ಕೊಳವೆ ತೆಗೆಯಲು ಮಾತ್ರ ಯಾರಿಗೂ ಸಮಯವಿಲ್ಲ. ಹಾಗಾಗಿ ಮುಂದಿನ ಸಲ ನಿಮ್ಮ ಮುಂದೆ ಒಂದು ಹೆಸರು ಬಂದಾಗ, ಅದಕ್ಕೆ ಸಹಿ ಹಾಕುವ ಮುನ್ನ ಒಮ್ಮೆ ಕೇಳಿ: ಇದೇ ಜಾಗದಲ್ಲಿ ಇದಕ್ಕೆ ಮೊದಲು ಯಾರಿದ್ದರು, ಅವರೇಕೆ ಹೋದರು?